ಮರಗೆಲಸಕ್ಕೆ ಯಾವ ಅಂಟು?

ಮರದ ಜೋಡಣೆಗೆ ಪಾಲಿವಿನೈಲ್ ಅಸಿಟೇಟ್ ಆಧಾರಿತ ಬಿಳಿ ಅಂಟು ಸರ್ವಸಾಮಾನ್ಯ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಇದೇ ವರ್ಗದ್ದು. ಕ್ಲಾಂಪ್ ಬಿಗಿದಿಟ್ಟರೆ ಸುಮಾರು 24 ಗಂಟೆಗಳಲ್ಲಿ ಪೂರ್ಣ ಬಲ ಪಡೆಯುತ್ತದೆ. ಆದರೆ ಸಾಮಾನ್ಯ ಬಿಳಿ ಅಂಟು ನೀರು ತಾಗಿದರೆ ಸಡಿಲಗೊಳ್ಳುವುದರಿಂದ ಹೊರಾಂಗಣದ ಪೀಠೋಪಕರಣಗಳಿಗೆ ಜಲನಿರೋಧಕ ಬಗೆ ಅಥವಾ ಎಪಾಕ್ಸಿ ಸೂಕ್ತ. ಎಪಾಕ್ಸಿ ಅಗಲ ಸಂದುಗಳನ್ನೂ ತುಂಬುತ್ತದೆ. ಚರ್ಮಕ್ಕೆ ತಗುಲಿದರೆ ಅಲರ್ಜಿ ಉಂಟಾಗಬಹುದಾದ್ದರಿಂದ ಕೈಗವಸು ಅಗತ್ಯ.

ಲ್ಯಾಮಿನೇಟ್ ಅಂಟಿಸುವ ದ್ರಾವಕಯುಕ್ತ ರಬ್ಬರ್ ಅಂಟಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ ಇದು ನೆಲಮಟ್ಟದಲ್ಲಿ ಹರಡುತ್ತದೆ. ಕೆಲಸದ ವೇಳೆ ಕಿಟಕಿಗಳು ತೆರೆದಿರಬೇಕು; ಒಲೆ, ದೀಪ, ಬೀಡಿ, ವಿದ್ಯುತ್ ಕಿಡಿ ಹತ್ತಿರ ಸುಳಿಯಕೂಡದು.

ಪ್ಲೈವುಡ್‌ನ ಅಂಟಿನಿಂದ ಹೊರಸೂಸುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಹಲಗೆ ಕೊಳ್ಳುವಾಗ ಕಡಿಮೆ ಹೊರಸೂಸುವಿಕೆಯ ಇ0 ಅಥವಾ ಇ1 ಗುರುತು ನೋಡುವುದು ಲೇಸು.