ಬೆದ್ದಲಿಗೆ ಬಂದ ನಾಲೆ

ಕನ್ನಂಬಾಡಿ ಕಟ್ಟೆಯ ನೀರು ಬರುವ ಮುನ್ನ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೆಚ್ಚಿನ ಭೂಮಿ ಮಳೆ ನಂಬಿದ ಬೆದ್ದಲು. ಭತ್ತ ಬೆಳೆಯುತ್ತಿದ್ದದ್ದು ಕೆರೆಯ ಹಿಂದಿನ ಅಚ್ಚುಕಟ್ಟಿನಲ್ಲಿ. ಅಲ್ಲಿ ನೀರುಗಂಟಿ ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ. ಉಳಿದ ಕಡೆಯೆಲ್ಲ ರಾಗಿ. ಕೂರಿಗೆಯಲ್ಲಿ ಬಿತ್ತುವಾಗ ಕೆಲವು ಸಾಲು ರಾಗಿಗೊಂದು ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿಡುತ್ತಿದ್ದರು. ರಾಗಿ ಕುಯ್ಲಾದ ಮೇಲೂ ಅವರೆ, ತೊಗರಿ ಹೊಲದಲ್ಲೇ ನಿಂತು ಮಾಗಿಯ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತಿದ್ದವು. ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ದನಕ್ಕೆ ಹುಲ್ಲು ಎಲ್ಲವೂ ಒಂದೇ ಹೊಲದ್ದು. ಮೆಕ್ಸಿಕೊದ ರೈತರು ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳವನ್ನು ಒಟ್ಟಿಗೆ ಬೆಳೆದದ್ದೂ ಇದೇ ಲೆಕ್ಕಾಚಾರದಿಂದ.

ಮಳೆ ಕೈಕೊಡುವ ವರ್ಷಕ್ಕೆ ಹಗೇವು ಇತ್ತು. ಬಾಯಿ ಕಿರಿದು, ಒಳಗೆ ಅಗಲವಾದ ಈ ನೆಲಗುಳಿಯಲ್ಲಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳದು. ಬಾಯಿ ತೆಗೆದ ಕೂಡಲೇ ಒಳಗಿಳಿದರೆ ಜೀವಕ್ಕೇ ಅಪಾಯ. ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕಿತ್ತು.

ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಮದರಾಸಿನೊಂದಿಗಿನ ನೀರಿನ ತಕರಾರು 1924ರ ಒಪ್ಪಂದದಲ್ಲಿ ಬಗೆಹರಿದ ಮೇಲೆ ಇರ್ವಿನ್ ನಾಲೆ ತೋಡಲಾಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಹುಲಿಕೆರೆಯ ಸುರಂಗ ದಾಟಿ 1930ರ ದಶಕದಲ್ಲಿ ನೀರು ಬೆದ್ದಲಿಗೆ ಹರಿಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳನ್ನು ಸರದಿಯಲ್ಲಿ ಬೆಳೆಸುವ ಪದ್ಧತಿ ಬಂತು. ಡಚ್ಚರ ಕಾಲದ ಜಾವಾದಲ್ಲೂ ಒಂದೇ ಗದ್ದೆಯಲ್ಲಿ ಭತ್ತ, ಕಬ್ಬು ಸರದಿಯಾಗಿ ಬರುತ್ತಿದ್ದವು. ಮನೆಯ ಕಣಜಕ್ಕೆ ದುಡಿಯುತ್ತಿದ್ದ ಹೊಲ ಈಗ ಕಾರ್ಖಾನೆಯ ಕಬ್ಬು ಅರೆಯುವ ಹಂಗಾಮನ್ನೂ ಆಲೆಮನೆಯ ಬೆಲ್ಲದ ಧಾರಣೆಯನ್ನೂ ನೋಡಿಕೊಂಡು ನಡೆಯಬೇಕಾಯಿತು.

ನೀರು ಎಲ್ಲ ಊರಿಗೂ ಏರಲಿಲ್ಲ. ಮಂಡ್ಯದ ಸುತ್ತಲಿನ ಎರಡು ಹಳ್ಳಿಗಳನ್ನು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯದಲ್ಲಿ ಅಧ್ಯಯನ ಮಾಡಿ, ವಂಗಲ, ದಲೇನ ಎಂಬ ಮರೆಹೆಸರಿನಲ್ಲಿ ಬರೆದರು. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಸಿಗುವುದು ಕಷ್ಟ. ವಂಗಲಕ್ಕೆ ನಾಲೆ ನೀರು ಬಂತು. ಕಬ್ಬಿನಿಂದ ಹಣ ಬಂದರೂ ಒಕ್ಕಲು ಮನೆಗಳಿಗೂ ಅವುಗಳ ಆದಿಕರ್ನಾಟಕ ಆಳುಗಳಿಗೂ ಇದ್ದ ವಂಶಪಾರಂಪರ್ಯದ ಕಟ್ಟು, ಸುಗ್ಗಿಯಲ್ಲಿ ಕಾಳು ಅಳೆದು ಕೊಡುವ ರೂಢಿ ಉಳಿದವು. ಅಲ್ಲಿ ಕೆಲಸ ಹೆಚ್ಚಿತೇ ಹೊರತು ಅದರ ಬಗೆ ಬದಲಾಗಲಿಲ್ಲ. ನಾಲೆಗಿಂತ ಎತ್ತರದಲ್ಲಿದ್ದ ದಲೇನ ಒಣ ಊರಾಗಿಯೇ ಉಳಿಯಿತು. ಅಲ್ಲಿಯವರು ಮಂಡ್ಯದಲ್ಲಿ ನೌಕರಿ ಹಿಡಿದರು, ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಕೈಲಾದವರು ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಊರಿನೊಳಗೆ ಒಕ್ಕಲು, ಆಳುಗಳ ಹಳೆಯ ಕಟ್ಟು ಸಡಿಲವಾದದ್ದು ನೀರು ಕಾಣದ ಈ ದಲೇನದಲ್ಲಿ.