ಮರದ ಮೇಲಿನ ಕೆರೆಗಳು

ಕಳೆದ ವರ್ಷ ಜುಲೈನಲ್ಲಿ ನಾನಿರುವ ಬಾಡಿಗೆ ಮನೆಗೆ ಡೆಂಗ್ಯೂ ಸಮೀಕ್ಷೆಯವರು ಬಂದಿದ್ದರು. ಇಬ್ಬರು ಹೆಂಗಸರು, ಕೈಯಲ್ಲೊಂದು ರಿಜಿಸ್ಟರು. ಸಂಪು, ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ನೋಡಿದರು. ಬಾಲ್ಕನಿಗೆ ಬಂದು ಹೂಕುಂಡಗಳ ಅಡಿಯ ತಟ್ಟೆಗಳನ್ನೂ ಎತ್ತಿ ನೋಡಿದರು. "ಇಲ್ಲೆಲ್ಲೂ ನೀರು ನಿಂತಿಲ್ಲ ಅಲ್ವಾ?" ಅಂದರು. "ಇಲ್ಲ ಅಕ್ಕ" ಅಂದೆ.

ಅದು ಸುಳ್ಳು. ಮೈಸೂರು ಸಂಸ್ಥಾನದ ಕಾಲದ ಮಲೆನಾಡಿನ ಮಲೇರಿಯಾದ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಅದು ಸುಳ್ಳೆಂದು ಚೆನ್ನಾಗಿ ಗೊತ್ತಿತ್ತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಕೊಂಡು ತಂದ ಒಂದು ಗಿಡದಿಂದ ಶುರುವಾದ ನನ್ನ ಹುಚ್ಚು ಅಷ್ಟರಲ್ಲಿ ಹನ್ನೊಂದು ಗಿಡಗಳಿಗೆ ಬೆಳೆದಿತ್ತು. ಎಲ್ಲವೂ ಬ್ರೊಮೇಲಿಯಾಡುಗಳು, ಅಂದರೆ ಅನಾನಸಿನ ಬಳಗದವು. ಅವುಗಳಲ್ಲಿ ನಾಲ್ಕು ಟಿಲ್ಯಾಂಡ್ಸಿಯಾ. ಇವಕ್ಕೆ ಮಣ್ಣೇ ಬೇಡ, ತಂತಿಗೆ ಕಟ್ಟಿ ತೂಗುಹಾಕಿದರೆ ಎಲೆಯಿಂದಲೇ ತೇವ ಹೀರಿಕೊಂಡು ಬದುಕುತ್ತವೆ. ಉಳಿದ ಏಳರ ಎಲೆಗಳು ಬುಡದಲ್ಲಿ ಒಂದಕ್ಕೊಂದು ಹೆಣೆದುಕೊಂಡು ಬಟ್ಟಲಿನಂತಾಗಿರುತ್ತವೆ. ಆ ಬಟ್ಟಲಿನಲ್ಲಿ ಸದಾ ನೀರಿರಬೇಕು. ಸಮೀಕ್ಷೆಯವರು ತಟ್ಟೆ ನೋಡಿದರು, ಎಲೆಯ ಸಂದಿಗೆ ಬಗ್ಗಿ ನೋಡಲಿಲ್ಲ.

ತವರಿನಲ್ಲಿ, ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ, ಈ ಗಿಡಗಳಲ್ಲಿ ಬಹಳಷ್ಟು ನಮ್ಮ ಮಲೆನಾಡಿನ ಸೀತಾಳೆಯ ಹಾಗೆ ಮರದ ಕೊಂಬೆ ಹಿಡಿದು ಬೆಳೆಯುತ್ತವೆ. ಬಂದಣಿಕೆಯಂತೆ ಮರದ ರಸ ಹೀರುವುದಿಲ್ಲ, ಇರಲು ಜಾಗ ಸಿಕ್ಕರೆ ಸಾಕು. ದೊಡ್ಡ ಮರವೊಂದರ ಮೇಲೆ ಇಂಥ ನೂರಾರು ಬಟ್ಟಲುಗಳಿರಬಹುದು. ನೆಲದ ಮೇಲೆ ಒಂದು ಹೊಂಡವೂ ಇಲ್ಲದ ಊರಿನಲ್ಲಿ ತಲೆಯ ಮೇಲೆ ಕೆರೆಗಳ ಸಾಲು.

ನಿಂತ ನೀರಿಗೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಗಮನಿಸಿದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಕಿಟಕಿಯ ಹೊರಗಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳು ತುಂಬಿರುವುದನ್ನು ಕಂಡರು. ನೀರಿನ ತಾವು ಇಲ್ಲವಾಗಿಸಿದರೆ ಸೊಳ್ಳೆಯೂ ಕಡಿಮೆಯಾಗುತ್ತದೆ ಎಂಬ ಯೋಚನೆ ಅವರಿಗೆ ಬಂದದ್ದು ಆಗ. ಮಲೇರಿಯಾ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಅವರು ಕಂಡದ್ದು ಹದಿನಾಲ್ಕು ವರ್ಷಗಳ ನಂತರ, 1897ರಲ್ಲಿ, ಸಿಕಂದರಾಬಾದಿನಲ್ಲಿ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಬ್ರೆಜಿಲ್‌ನಲ್ಲಿ ಸಾವೊ ಪಾವ್ಲೊ ಮತ್ತು ಸಾಂತೋಸ್ ನಡುವಿನ ಕಡಿದಾದ ಬೆಟ್ಟಸಾಲಿನಲ್ಲಿ ರೈಲು ಹಳಿ ಹಾಕುತ್ತಿದ್ದ ಕೂಲಿಗಳು ಚಳಿಜ್ವರದಿಂದ ಮಲಗಿದ್ದರು. ಅಲ್ಲಿ ಜೌಗಿರಲಿಲ್ಲ, ಇಳಿಜಾರಿನಲ್ಲಿ ನೀರು ನಿಲ್ಲುವಂತೆಯೂ ಇರಲಿಲ್ಲ. ವೈದ್ಯ ಅಡಾಲ್ಫೊ ಲುಟ್ಸ್ ಮರದ ಮೇಲೆ ಹುಡುಕಿದರು. ಬ್ರೊಮೇಲಿಯಾಡಿನ ಬಟ್ಟಲಿನಲ್ಲಿ ಅನಾಫಿಲೀಸ್ ಸೊಳ್ಳೆಯ ಮರಿಗಳು ಸಿಕ್ಕವು. 1903ರಲ್ಲಿ ಅವರು ಅದನ್ನು 'ಕಾಡು ಮಲೇರಿಯಾ' ಎಂದು ಕರೆದು ಪ್ರಕಟಿಸಿದರು.

ಟ್ರಿನಿಡಾಡ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು. 1845ರಿಂದ 1917ರವರೆಗೆ ಭಾರತದಿಂದ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕರಾರಿನ ಕೂಲಿಗಳಾಗಿ ಆ ದ್ವೀಪಕ್ಕೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಕಬ್ಬಿನ ತೋಟಗಳಿಗೆ ಹೋದರು, ಹಲವರು ಕೋಕೋ ತೋಟಗಳಿಗೆ. ಕೋಕೋಗೆ ನೆರಳು ಬೇಕು. ಅದಕ್ಕಾಗಿ ಅಲ್ಲಿ ಸಾಲಾಗಿ ನೆಟ್ಟ ಮರ ಇಮ್ಮಾರ್ಟೆಲ್, ನಮ್ಮ ಕಾಫಿ ತೋಟದ ಹಾಲುವಾಣದ ಹತ್ತಿರದ ನಂಟ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ಕೋಕೋದ ತಾಯಿ' ಎಂಬ ಹೆಸರಿತ್ತು. ಆ ತಾಯಿಯ ಕೊಂಬೆಗಳ ತುಂಬ ಬ್ರೊಮೇಲಿಯಾಡುಗಳು ಕೂತವು, ಅವುಗಳ ನೀರಿನಲ್ಲಿ ಸೊಳ್ಳೆ ಮರಿ ಮಾಡಿತು, ಕೆಳಗೆ ಕೆಲಸ ಮಾಡುತ್ತಿದ್ದವರಿಗೆ ಜ್ವರ ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ಬಿಡಿಸಿ ನೋಡಿದವರು ಕಾಲಿನ್ ಪಿಟೆಂಡ್ರಿಗ್. ಯುದ್ಧಕ್ಕೆ ಹೋಗಲು ಒಪ್ಪದೆ ಟ್ರಿನಿಡಾಡ್‌ಗೆ ಕಳಿಸಲ್ಪಟ್ಟ ಇಂಗ್ಲಿಷ್ ಯುವಕ. ಯಾವ ಬ್ರೊಮೇಲಿಯಾಡ್ ಬಿಸಿಲನ್ನು ತಾಳುತ್ತದೆ, ಯಾವುದು ನೆರಳನ್ನು, ಮರದ ಯಾವ ಎತ್ತರದಲ್ಲಿ ಯಾವುದು ಕೂರುತ್ತದೆ ಎಂದು ವಿಂಗಡಿಸಿದರು. ಸೊಳ್ಳೆ ಕಚ್ಚುವ ಹೊತ್ತನ್ನು ಲೆಕ್ಕವಿಟ್ಟರು. ಆ ಲೆಕ್ಕದಿಂದ ಹುಟ್ಟಿದ ಕುತೂಹಲವೇ ಮುಂದೆ ಅವರನ್ನು ಜೀವಿಗಳ ಒಳಗಿನ ಗಡಿಯಾರದ ಅಧ್ಯಯನಕ್ಕೆ ಕರೆದೊಯ್ದಿತು.

ಪರಿಹಾರವಾಗಿ ಬಂದದ್ದು ಮೈಲುತುತ್ತ. ಅಡಿಕೆ ತೋಟದವರಿಗೆ ಕೊಳೆರೋಗದ ಔಷಧಿಯಾಗಿ ಗೊತ್ತಿರುವ ಅದೇ ನೀಲಿ ಹರಳು. ಬ್ರೊಮೇಲಿಯಾಡ್ ಎಲೆಯಿಂದಲೇ ನೀರು ಕುಡಿಯುವ ಗಿಡವಾದ್ದರಿಂದ ತೆಳು ದ್ರಾವಣವೂ ಅದಕ್ಕೆ ವಿಷ. ನೆಲದಿಂದ ಪಂಪಿನಲ್ಲಿ ಸಿಂಪಡಿಸಿದರು, ಗಿಡಗಳು ಸತ್ತವು. ದಕ್ಷಿಣ ಬ್ರೆಜಿಲ್‌ನ ಸಾಂತಾ ಕತಾರಿನಾ ರಾಜ್ಯದಲ್ಲಿ 1940ರ ದಶಕದಲ್ಲಿ ಕೆಲಸ ಇನ್ನೂ ಒರಟಾಗಿತ್ತು. ಮರ ಹತ್ತಿ ಗಿಡಗಳನ್ನು ಕಿತ್ತರು, ಊರುಗಳ ಸುತ್ತಲಿನ ಕಾಡನ್ನೇ ಕಡಿದರು. ಅಲ್ಲಿ ಮಲೇರಿಯಾ ಕೆಲಸಕ್ಕೆ ಸೇರಿದ್ದ ರೌಲಿನೊ ರೈಟ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಸಸ್ಯವಿಜ್ಞಾನಿಯೂ ಹೌದು. ನಾಶಪಡಿಸಬೇಕೆಂದು ಗುರುತಾದ ಗಿಡಗಳನ್ನೇ ಅವರು ಸಂಗ್ರಹಿಸಿ, ಹೆಸರು ಹಚ್ಚಿ, ಒಣಗಿಸಿ ಇಟ್ಟರು. 1983ರಲ್ಲಿ ಬಂದ ಅವರ ದೊಡ್ಡ ಗ್ರಂಥದ ಹೆಸರಿನಲ್ಲೇ ಬ್ರೊಮೇಲಿಯಾಡ್ ಮತ್ತು ಮಲೇರಿಯಾ ಎರಡೂ ಇವೆ.

ಇದೇ ವರ್ಷಗಳಲ್ಲಿ, ಇದೇ ಬ್ರೆಜಿಲ್‌ನಲ್ಲಿ, ಮಲ್ಫರ್ಡ್ ಫಾಸ್ಟರ್ ಮತ್ತು ಅವರ ಹೆಂಡತಿ ರಸೀನ್ ಬ್ರೊಮೇಲಿಯಾಡುಗಳನ್ನು ಹುಡುಕುತ್ತ ಅಲೆದರು. 1939 ಮತ್ತು 1940ರ ತಿರುಗಾಟಗಳಲ್ಲಿ ಸಿಕ್ಕಿದ್ದನ್ನು ಜೋಪಾನವಾಗಿ ಕಟ್ಟಿ ಫ್ಲಾರಿಡಾದ ತಮ್ಮ ತೋಟಕ್ಕೆ ಕಳಿಸಿದರು. 1950ರಲ್ಲಿ ಬ್ರೊಮೇಲಿಯಾಡ್ ಸೊಸೈಟಿ ಹುಟ್ಟಿದಾಗ ಫಾಸ್ಟರ್ ಅದರ ಮೊದಲ ಅಧ್ಯಕ್ಷರು. ಇವತ್ತು ನನ್ನಂಥವರ ಬಾಲ್ಕನಿವರೆಗೆ ಈ ಗಿಡ ಬರಲು ಅಂಥ ಸಂಗ್ರಾಹಕರೂ ಒಂದು ಕಾರಣ. ಆದರೆ 2016ರಲ್ಲಿ ಝೀಕಾ ಬಂದಾಗ ಅದೇ ಫ್ಲಾರಿಡಾದ ಮಯಾಮಿ ಬೀಚಿನಲ್ಲಿ ಸಾರ್ವಜನಿಕ ಜಾಗಗಳಿಂದ ಬ್ರೊಮೇಲಿಯಾಡುಗಳನ್ನು ಕಿತ್ತು ಹಾಕಲಾಯಿತು.

ಒಂದೇ ಗಿಡ ಒಬ್ಬರಿಗೆ ನಿಧಿ, ಇನ್ನೊಬ್ಬರಿಗೆ ಶತ್ರು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಟ್ರಿನಿಡಾಡ್‌ನಲ್ಲಿ ಆ ಗಿಡ ಕೋಕೋ ತೋಟಕ್ಕಿಂತ ಮುಂಚಿನಿಂದಲೂ ಇತ್ತು. ಕಾಡು ತೆರೆದು, ನೆರಳಿಗೆಂದು ಒಂದೇ ಜಾತಿಯ ಮರವನ್ನು ಸಾಲಾಗಿ ನೆಟ್ಟು, ಅದರ ಅಡಿಯಲ್ಲೇ ಕೂಲಿಯವರನ್ನು ದುಡಿಸಿದ ಮೇಲೆ ಅದು ರೋಗದ ಗಿಡವಾಯಿತು. ಲೆಕ್ಕ ಬರೆಯುವಾಗ ಮಾತ್ರ ಗಿಡದ ಹೆಸರೇ ಮುಂದೆ ಬಂತು. ನನ್ನ ಸಂಶೋಧನೆಯ ಮಲೆನಾಡಿನಲ್ಲೂ ಹೀಗೇ. ಕಡತಗಳಲ್ಲಿ ಮಲೆನಾಡಿನ ನೀರು, ಮಲೆನಾಡಿನ ಹವೆ ಎಂದು ಓದುವಾಗಲೆಲ್ಲ, ಆ ನೀರಿನ ಪಕ್ಕ ಯಾರ ಗುಡಿಸಲಿತ್ತು ಎಂದು ಹುಡುಕುವುದನ್ನು ನನಗೆ ಕಲಿಸಿದ್ದು ಟ್ರಿನಿಡಾಡ್.

ಇಷ್ಟೆಲ್ಲ ತಿಳಿದವರೇ "ಇಲ್ಲ ಅಕ್ಕ" ಅಂದದ್ದು. ಗಿಡ ಎಸೆಯಿರಿ ಅಂದಾರು ಎಂಬ ಹೆದರಿಕೆ, ಅಷ್ಟೇ. ಹತ್ತು ದಿನದ ನಂತರ ಕೆಳಗಿನ ಮನೆಯ ಹುಡುಗನಿಗೆ ಡೆಂಗ್ಯೂ ಬಂತು. ಆ ರಾತ್ರಿ ಮೊಬೈಲಿನ ಟಾರ್ಚು ಹಿಡಿದು ಏಳು ಬಟ್ಟಲುಗಳನ್ನೂ ನೋಡಿದೆ. ಐದರಲ್ಲಿ ಏನೂ ಇರಲಿಲ್ಲ. ಎರಡರಲ್ಲಿ ಮರಿಗಳು ಕುಣಿಯುತ್ತಿದ್ದವು. ಅವನನ್ನು ಕಚ್ಚಿದ ಸೊಳ್ಳೆ ಎಲ್ಲಿ ಹುಟ್ಟಿತೆಂದು ಯಾರೂ ಹೇಳಲಾರರು. ಬೀದಿಯ ತುಂಬ ಸಂಪುಗಳಿವೆ, ಕಟ್ಟುತ್ತಿರುವ ಮನೆಗಳಿವೆ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಹುಡುಗ ಚೇತರಿಸಿಕೊಂಡ. ಅವನ ಅಮ್ಮನಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಹೇಳಿದ್ರಲ್ಲ, ಬಿಡಿ" ಅಂದರು.

ಈಗ ವಾರಕ್ಕೆ ಎರಡು ಸಲ, ಬುಧವಾರ ಮತ್ತು ಭಾನುವಾರ, ಗಿಡಗಳನ್ನು ಬುಡಮೇಲು ಮಾಡಿ ಹಳೆಯ ನೀರು ಚೆಲ್ಲಿ, ಪೈಪಿನಲ್ಲಿ ರಭಸವಾಗಿ ತೊಳೆದು ಹೊಸ ನೀರು ತುಂಬುತ್ತೇನೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಊರಿಗೆ ಹೋಗುವಾಗ ಬಟ್ಟಲುಗಳನ್ನು ಪೂರ್ತಿ ಬರಿದು ಮಾಡುತ್ತೇನೆ. ಈ ಜುಲೈನಲ್ಲಿ ಅದೇ ಇಬ್ಬರು ರಿಜಿಸ್ಟರು ಹಿಡಿದು ಬಂದರು. ಈ ಸಲ ನಾನೇ ಕರೆದು ಎಲೆಯ ಸಂದಿಗಳನ್ನು ತೋರಿಸಿದೆ. ಒಬ್ಬರು ಟಾರ್ಚು ಬಿಟ್ಟು ಬಗ್ಗಿ ನೋಡಿದರು. "ಅಯ್ಯೋ, ಇದರೊಳಗೂ ನೀರಿರುತ್ತಾ?" ಅನ್ನುತ್ತ ರಿಜಿಸ್ಟರಿನ ಕೊನೆಯ ಪುಟ ತೆಗೆದು ಗಿಡದ ಹೆಸರು ಬರೆದುಕೊಂಡರು.