ಕನ್ನಡ–ಮರಾಠಿಯ ಸಮರೂಪ ಪದಗಳು

ಸ್ವರೂಪ

ಎರಡು ಭಾಷೆಗಳಲ್ಲಿ ಕಣ್ಣಿಗೆ ಅಥವಾ ಕಿವಿಗೆ ಒಂದೇ ಎನಿಸುವ ಪದಗಳನ್ನು ಸಮರೂಪ ಪದಗಳೆನ್ನಬಹುದು. ರೂಪ ಒಂದಾದ ಮಾತ್ರಕ್ಕೆ ಅರ್ಥವೂ ಒಂದಾಗಬೇಕಿಲ್ಲ. ಇಂಗ್ಲಿಷಿನ ‘ಲೈಬ್ರರಿ’ ಗ್ರಂಥಾಲಯ. ಅದನ್ನೇ ಹೋಲುವ ಫ್ರೆಂಚ್ ಪದ ಪುಸ್ತಕದ ಅಂಗಡಿ. ಕೃಷ್ಣೆಯ ದಂಡೆಯ ಗಲಗಲಿಯಲ್ಲಿ, ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂಥದೇ ನಂಟು ಕನ್ನಡಕ್ಕೂ ಮರಾಠಿಗೂ ಇದೆ.

ಬಂದ ದಾರಿ

ಮರಾಠಿ ಮನೆತನಗಳಾದ ಪಟವರ್ಧನರು ಜಮಖಂಡಿಯನ್ನೂ ಘೋರ್ಪಡೆಯವರು ಮುಧೋಳವನ್ನೂ ಆಳಿದರು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಮರಾಠಿಯೊಡನೆ ಇಷ್ಟು ಕಾಲ ಬಾಳಿದ್ದರಿಂದ ‘ಪಗಾರ’, ‘ಖಟ್ಲೆ’, ‘ಕಾಳಜಿ’ ಇಲ್ಲಿ ಮನೆಮಾತಾಗಿವೆ. ಪಗಾರದ ಬೇರು ಇನ್ನೂ ದೂರದ್ದು, ಪೋರ್ಚುಗೀಸಿನದು. ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ: ಕನ್ನಡದ ‘ತುಪ್ಪ’ ಮರಾಠಿಯ ಅಡುಗೆಮನೆಯಲ್ಲಿ ‘ತೂಪ್’; ‘ಅಣ್ಣ’, ‘ಅಕ್ಕ’ ಅಲ್ಲಿಯೂ ಹಿರಿಯರನ್ನು ಕರೆಯುವ ಮಾತುಗಳು.

ಅರ್ಥ ಕವಲೊಡೆದಾಗ

ಗೊಂದಲ ಹೆಚ್ಚಾಗಿ ಹುಟ್ಟುವುದು ಬಂಧುವಾಚಕಗಳಲ್ಲಿ. ಹರಿದಾಸ ಪರಂಪರೆಯ ಗಲಗಲಿ ಅವ್ವನ ಹೆಸರೇ ಹೇಳುವಂತೆ ಈ ಕಡೆ ಹೆತ್ತವಳು ‘ಅವ್ವ’. ‘ಆಯಿ’ ಎಂದರೆ ಅಜ್ಜಿ. ಅಜ್ಜಿ-ಅಜ್ಜಂದಿರನ್ನು ಆಯಿ, ಮುತ್ಯಾ ಎಂದೇ ಮಕ್ಕಳು ಕರೆಯುತ್ತಾರೆ. ಮರಾಠಿಯಲ್ಲಿ ‘ಆಯಿ’ ಎಂದರೆ ತಾಯಿ, ‘ತಾಯಿ’ ಎಂದು ಕೇಳಿಸುವುದು ಅಕ್ಕ. ಮಿರಜ ಕಡೆಯಿಂದ ಬಂದ ಸೊಸೆ ‘ಆಯಿ’ ಎಂದು ಕೂಗಿದರೆ ಅವಳು ಕರೆದದ್ದು ಅತ್ತೆಯನ್ನು, ‘ಏನವಾ?’ ಎಂದು ಓಗೊಡುವವಳು ಅತ್ತೆಯ ಅತ್ತೆ.

‘ರಾಗ’ದ ಕಥೆ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ಬಣ್ಣ, ಕೆಂಪು, ಅನುರಾಗ ಎಂಬ ಅರ್ಥಗಳಿವೆ. ಸಂಗೀತದ ರಾಗ ಎರಡೂ ಭಾಷೆಗಳಿಗೆ ಸೇರಿದ್ದು. ಆದರೆ ‘ಮಲಾ ರಾಗ್ ಆಲಾ’ ಎಂದು ಮರಾಠಿಗರು ಹೇಳಿದರೆ ಹಾಡು ನೆನಪಾಯಿತೆಂದಲ್ಲ, ಸಿಟ್ಟು ಬಂತೆಂದು. ‘ಬಾಯಿ’ಯ ಹೋಲಿಕೆಯಾದರೋ ಬರೀ ಆಕಸ್ಮಿಕ: ಕನ್ನಡದಲ್ಲಿ ಅದು ಮುಖದ ಅವಯವ, ಮರಾಠಿಯಲ್ಲಿ ಹೆಂಗಸು.

ಓದು ಮತ್ತು ಅನುವಾದದಲ್ಲಿ

ಹಲವೆಡೆ ಕನ್ನಡ ಮತ್ತು ಮರಾಠಿ ಒಂದಾಗಿ ನಿಂತು, ಹಿಂದಿ ದೂರ ಉಳಿಯುತ್ತದೆ. ‘ಶಿಕ್ಷೆ’ ಇವೆರಡರಲ್ಲೂ ದಂಡನೆ; ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸ. ಬಾಣಭಟ್ಟನ ಸಂಸ್ಕೃತ ಗದ್ಯಕೃತಿಯ ಹೆಸರಾದ ‘ಕಾದಂಬರಿ’ ಇವೆರಡರಲ್ಲೂ ಒಂದು ಸಾಹಿತ್ಯ ಪ್ರಕಾರದ ಹೆಸರಾಯಿತು. ಹಿಂದಿ ಅದಕ್ಕೆ ‘ಉಪನ್ಯಾಸ್’ ಎನ್ನುತ್ತದೆ. ಕನ್ನಡದ ಉಪನ್ಯಾಸವನ್ನು ಮರಾಠಿ ‘ವ್ಯಾಖ್ಯಾನ’ ಎಂದು ಕರೆಯುತ್ತದೆ. ಕನ್ನಡದಲ್ಲಿ ವ್ಯಾಖ್ಯಾನವೆಂದರೆ ಗ್ರಂಥವೊಂದರ ಅರ್ಥವಿವರಣೆ.